ಬಸಿದ ನೀರು

ಬಸ್ಸಾರು ಮಾಡುವುದನ್ನು ನಾನು ಕಲಿತದ್ದು ನನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಉಣ್ಣುವುದು ಮಾತ್ರ ಗೊತ್ತಿತ್ತು. ಕಲಿತ ಹದಿನೈದು ದಿನಕ್ಕೇ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಹಾಗೆ ಜಂಬ ಕೊಚ್ಚಿದ್ದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ. ಆದರೆ ಆ ಬಸ್ಸಾರಿನಿಂದಲೇ ನನ್ನ ಬಾಯಿಂದ ಇನ್ನೊಂದು ಮಾತು ಬಂತು. ಅದನ್ನು ನೆನೆದರೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ. ಇದನ್ನು ಬರೆಯುತ್ತಿರುವುದು ಆ ಮಾತಿಗಾಗಿ.

ನಾನು ಮುಳಬಾಗಿಲಿನ ಪಕ್ಕದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಮುಳಬಾಗಿಲಿನಲ್ಲಿ. ಹೆಂಡತಿ ಗೌನಿಪಲ್ಲಿಯವಳು, ಮಾವಿನ ತೋಟದ ಮನೆಯ ಮಗಳು. ನಮಗೆ ಒಬ್ಬಳೇ ಮಗಳು. ಮೂರು ವರ್ಷದ ಹಿಂದೆ ಹೆಂಡತಿಯ ಕಾಲು ಊದಿಕೊಳ್ಳತೊಡಗಿತು. ನಿಂತು ಕೆಲಸ ಮಾಡ್ತೀಯಲ್ಲ, ಅದಕ್ಕೇ ಎಂದೆ. ಮುಖ ಊದಿತು. ನಿದ್ದೆಗೆಟ್ಟಿದೀಯ ಎಂದೆ. ಮನೆಯಲ್ಲಿ ವಿಜ್ಞಾನದ ಮೇಷ್ಟ್ರಿದ್ದರೆ ಇದೇ ಕಷ್ಟ, ಎಲ್ಲಕ್ಕೂ ಕಾರಣ ಕೂತಲ್ಲೇ ಸಿಕ್ಕಿಬಿಡುತ್ತದೆ. ಕೊನೆಗೆ ಕೋಲಾರದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿವೆ, ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು ಎಂದರು. ಎಷ್ಟು ವಾರ ಎಂದು ಕೇಳಿದೆ. ಡಾಕ್ಟರು "ಇನ್ಮೇಲೆ ಪ್ರತಿ ವಾರ" ಎಂದರು.

ಅಂದಿನಿಂದ ನಮ್ಮ ಮನೆಗೆ ವಾರವೆಂದರೆ ಮಂಗಳವಾರ ಮತ್ತು ಶುಕ್ರವಾರ. ಉಳಿದ ದಿನಗಳು ಆ ಎರಡರ ನಡುವಿನ ಜಾಗ. ಬೆಳಿಗ್ಗೆ ಐದೂವರೆಯ ಬಸ್ಸಿಗೆ ಕೋಲಾರಕ್ಕೆ ಹೊರಡುವುದು, ನಾಲ್ಕು ಗಂಟೆ ಅವಳು ಒಳಗೆ ಮಿಷನ್ನಿಗೆ ಕೈಕೊಟ್ಟು ಮಲಗುವುದು, ನಾನು ಹೊರಗೆ ಬೆಂಚಿನ ಮೇಲೆ ಉತ್ತರ ಪತ್ರಿಕೆ ತಿದ್ದುವುದು. ನಮ್ಮ ಹೆಡ್‌ಮಾಸ್ಟರು ಒಳ್ಳೆಯವರು, ಆ ಎರಡು ದಿನ ನನ್ನ ಪಾಠಗಳನ್ನೆಲ್ಲ ಮಧ್ಯಾಹ್ನಕ್ಕೆ ತಳ್ಳಿದರು. ಮೈಸೂರಿನಲ್ಲಿ ಎಂ.ಎಸ್ಸಿ. ಓದಬೇಕೆಂದಿದ್ದ ಮಗಳು ಕೋಲಾರದಲ್ಲೇ ಸೇರಿಕೊಂಡಳು. ಮೈಸೂರಿನ ಅರ್ಜಿಯನ್ನು ಹರಿದು ಒಲೆಗೆ ಹಾಕಿದಳು ಅಷ್ಟೆ. ಮನೆ ಮೇಲೊಂದು ಮಹಡಿ ಎಬ್ಬಿಸುವ ಮಾತು ನಿಂತಿತು, ಬದಲಿಗೆ ಬಚ್ಚಲಿನ ಮೆಟ್ಟಿಲು ಒಡೆಸಿ ಸಮ ಮಾಡಿಸಿದೆವು. ನನಗೆ ಬಡ್ತಿಯ ಜೊತೆ ದೂರದ ಊರಿಗೆ ವರ್ಗವಾಗುವುದಿತ್ತು, ಬೇಡವೆಂದು ಬರೆದುಕೊಟ್ಟೆ. ಬರೆದುಕೊಟ್ಟ ಮೇಲೆ ಎರಡು ದಿನ ಮನೆಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ. ಕಾಯಿಲೆ ಬಂದವಳು ಅವಳು, ಮುಖ ಊದಿಸಿಕೊಂಡು ಕೂತವನು ನಾನು.

ಹಬ್ಬಗಳೂ ನಮ್ಮ ಮಾತು ಕೇಳಬೇಕಾಯಿತು. ಒಂದು ವರ್ಷ ಯುಗಾದಿ ಮಂಗಳವಾರ ಬಂತು. ಮರುದಿನ ಊರೆಲ್ಲ ಹೊಸತೊಡಕಿನ ಮಟನ್ ಬೇಯಿಸುತ್ತಿದ್ದಾಗ ನಾವು ಬೇವು ಬೆಲ್ಲ ತಿಂದೆವು. ನೆಂಟರ ಮದುವೆಯ ಪತ್ರಿಕೆ ಬಂದರೆ ಮೊದಲು ವಾರ ನೋಡುತ್ತಿದ್ದೆವು, ಆಮೇಲೆ ಹೆಸರು.

ಅವಳು ನಿಂತು ಅಡುಗೆ ಮಾಡುವುದು ಕಷ್ಟವಾದಾಗ ನಾನು ಒಲೆ ಹಿಡಿದೆ. ಆಸ್ಪತ್ರೆಯಲ್ಲಿ ಪಥ್ಯದ ಪಟ್ಟಿ ಹೇಳಿದ್ದರು. ಎಳನೀರು ಬೇಡ, ಬಾಳೆಹಣ್ಣು ಬೇಡ, ಮಾವಿನಹಣ್ಣಂತೂ ಬೇಡವೇ ಬೇಡ. ಅವುಗಳಲ್ಲಿರುವ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯ ನಿಲ್ಲಬಹುದು. ಸೊಪ್ಪು ತರಕಾರಿ ಹಾಗೇ ಕೊಡಬೇಡಿ, ಬೇಯಿಸಿ, ನೀರು ಬಸಿದು ಕೊಡಿ. ನೀರು, ಕಾಫಿ, ಸಾರು ಎಲ್ಲ ಸೇರಿ ದಿನಕ್ಕೆ ಮೂರು ಲೋಟ ದಾಟಬಾರದು. ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಶಾಲೆಯ ಪ್ರಯೋಗಾಲಯದಲ್ಲಿ ಅಂಚು ಮುಕ್ಕಾದ ಅಳತೆ ಜಾಡಿಯೊಂದಿತ್ತು, ಅದನ್ನು ಕೇಳಿ ತಂದು ಅಡುಗೆಮನೆಯಲ್ಲಿಟ್ಟೆ. ಅವಳ ಕಾಫಿಯನ್ನೂ ಅದರಲ್ಲಿ ಅಳೆದು ಕೊಡುತ್ತಿದ್ದೆ.

ಸೊಪ್ಪು ಬೇಯಿಸಿ ನೀರು ಬಸಿಯಿರಿ ಎಂದಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ಅಯ್ಯೋ, ಇದು ನಮ್ಮ ಬಸ್ಸಾರೇ ಅಲ್ಲವೇ ಎನಿಸಿತು. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ದಂಟಿನ ಸೊಪ್ಪು, ಬೇಳೆ ಬೇಯಿಸಿ ನೀರು ಬಸಿದರೆ ಕೆಳಗೆ ಉಳಿದದ್ದು ಪಲ್ಯ. ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ತೆಂಗಿನಕಾಯಿ ರುಬ್ಬಿ ಹಾಕಿ ಕುದಿಸಿದರೆ ಸಾರು. ಮುದ್ದೆಗೆ ಅದಕ್ಕಿಂತ ಬೇರೆ ಬೇಕೇ? ಆ ನೀರನ್ನು ಚೆಲ್ಲಿದ ಹೆಂಗಸನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಬಸಿಯುವಾಗ ಒಂದು ಸೌಟು ನೆಲಕ್ಕೆ ಬಿದ್ದರೂ ನನ್ನ ತಾಯಿ, ಸಾರವೆಲ್ಲ ಮಣ್ಣುಪಾಲಾಯಿತು ಎಂದು ಅರ್ಧ ದಿನ ಗೊಣಗುತ್ತಿದ್ದಳು. ಸಾರವೆಲ್ಲ ಆ ನೀರಿನಲ್ಲೇ ಇದೆ ಎಂಬುದು ಓದು ಬರಹ ಬಾರದ ನನ್ನ ತಾಯಿಗೆ ಗೊತ್ತಿತ್ತು.

ನಾನು ಪಲ್ಯವನ್ನೂ ಕೊಟ್ಟೆ, ಸಾರನ್ನೂ ಕೊಟ್ಟೆ. ಉಪ್ಪು ಕಡಿಮೆ ಹಾಕಿ, ಜಾಡಿಯಲ್ಲಿ ಅಳೆದು ಕೊಟ್ಟೆ. ನಾಲಗೆ ಸತ್ತುಹೋಗಿದೆ ಎನ್ನುತ್ತಿದ್ದ ಅವಳು ಬಸ್ಸಾರಿನ ದಿನ ಮಾತ್ರ ತಟ್ಟೆ ಬಳಿದು ಉಣ್ಣುತ್ತಿದ್ದಳು. "ಚೆನ್ನಾಗ್ ಮಾಡಿದೀರ ಕಣ್ರೀ, ನಮ್ಮಮ್ಮನ ಕೈಯಡುಗೆ ಇದ್ದಂಗಿದೆ" ಎಂದಳು ಒಂದು ದಿನ. ಆ ಒಂದು ಮಾತಿಗೆ ನಾನು ಉಬ್ಬಿಹೋದೆ. ಡಯಾಲಿಸಿಸ್ ಕೋಣೆಯಲ್ಲಿ ಅವಳ ಪಕ್ಕದ ಹಾಸಿಗೆಯಲ್ಲಿ ಟೇಕಲ್ಲಿನ ಮುದುಕರೊಬ್ಬರು ಮಲಗುತ್ತಿದ್ದರು, ಎಲ್ಲರಿಗೂ ಅವರು ಟೇಕಲ್ ತಾತ. ಅವರ ಹತ್ತಿರವೂ ನನ್ನ ಬಸ್ಸಾರಿನ ಪುರಾಣ ಬಿಚ್ಚಿದೆ. "ಏನ್ ಮೇಷ್ಟ್ರೇ, ನಿಮ್ಮಂಥ ಗಂಡ ಸಿಕ್ಕೋಕೆ ಪುಣ್ಯ ಮಾಡಿರ್ಬೇಕು" ಎಂದರು ತಾತ. ನಾನು ಬೇಡವೆನ್ನಲಿಲ್ಲ.

ಶಾಲೆಯಿರುವಾಗ ಬಸ್ಸಾರು ವಾರಕ್ಕೊಮ್ಮೆ ಆಗುತ್ತಿತ್ತು. ಕಳೆದ ವರ್ಷ ಬೇಸಿಗೆ ರಜೆ ಬಂದಾಗ ನಾನು ಪೂರ್ತಿ ಮನೆಯಲ್ಲೇ. ಸೊಪ್ಪಿನವಳು ಬಾಗಿಲಿಗೇ ಬರುತ್ತಿದ್ದಳು. ದಿನ ಬಿಟ್ಟು ದಿನ ಮಾಡಿದೆ, ಆಮೇಲೆ ದಿನಾ ಮಾಡಿದೆ.

ಅದೇ ದಿನಗಳಲ್ಲಿ ಗೌನಿಪಲ್ಲಿಯಿಂದ ಅವಳ ಅಣ್ಣ ಹಣ್ಣಿನ ಬಾಕ್ಸು ತಂದುಕೊಟ್ಟು ಹೋದರು. ಪ್ರತಿ ವರ್ಷ ತರುತ್ತಿದ್ದರು. ತೋಟವನ್ನು ಹೂವಿನಲ್ಲೇ ವ್ಯಾಪಾರಿಗೆ ಗುತ್ತಿಗೆ ಕೊಡುವಾಗ ಅವರು ಮೋಟರು ಮನೆಯ ಹತ್ತಿರದ ಒಂದು ಬಾದಾಮಿ ಮಾವಿನ ಮರವನ್ನು ಕೊಡುತ್ತಿರಲಿಲ್ಲ. ಅದು ತಂಗಿಯ ಮರ. ಕಾಯಿಲೆ ಬಂದ ಮೇಲೂ ಬಾಕ್ಸು ನಿಲ್ಲಲಿಲ್ಲ. ಅವಳು ತಿನ್ನುತ್ತಿರಲಿಲ್ಲ, ಬಾಗಿಲಲ್ಲಿ ಕೂತು ಬೀದಿಯವರಿಗೆಲ್ಲ ಹಂಚುತ್ತಿದ್ದಳು. "ನಮ್ಮಣ್ಣ ತಂದಿದ್ದು, ತಗೊಳ್ರೀ" ಎಂದು ಒಬ್ಬೊಬ್ಬರಿಗೂ ಹೇಳಬೇಕು. ಹಣ್ಣು ಹಂಚುವ ಆ ಒಂದೆರಡು ದಿನ ಅವಳು ರೋಗಿಯ ಹಾಗೆ ಕಾಣುತ್ತಿರಲಿಲ್ಲ.

ಅಣ್ಣ ಬಂದು ಹೋದ ಮೇಲೆ ಸೋಮವಾರ ಸಂಜೆ ಅವಳಿಗೆ ಕಾಲಲ್ಲಿ ಬಲವಿಲ್ಲ ಎನ್ನಿಸಿತು. ಮಂಗಳವಾರ ಬೆಳಗಿನ ಜಾವ ಎದ್ದು ನಿಲ್ಲಲಾಗಲಿಲ್ಲ. ಬಸ್ಸಿನ ಮಾತಿರಲಿ, ಪಕ್ಕದ ಮನೆಯವರ ಕಾರಿಗೂ ಎತ್ತಿಕೊಂಡೇ ಹೋಗಬೇಕಾಯಿತು. ಅವಳ ಚಪ್ಪಲಿ ತರಲು ನಾನು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹಸಿ ಹಸಿ ಮಾವಿನ ಓಟೆಯೊಂದು ಬಿದ್ದಿತ್ತು. ನನಗೆ ಆಗಲೇ ಎಲ್ಲ ಅರ್ಥವಾಗಿಹೋಯಿತು ಎಂದುಕೊಂಡೆ. ಕೋಲಾರದವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಡಾಕ್ಟರು ಎದೆಗೆ ತಂತಿಗಳನ್ನು ಹಚ್ಚಿ ನೋಡಿದರು, ರಕ್ತ ತೆಗೆದರು, ಗಡಿಬಿಡಿಯಲ್ಲಿ ಇಂಜೆಕ್ಷನ್ ಕೊಟ್ಟು ಮಿಷನ್ನಿಗೆ ಹಾಕಿದರು. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಒಳಗೆ ಕರೆದರು. ಪೊಟ್ಯಾಸಿಯಂ ವಿಪರೀತ ಏರಿದೆ, ಇನ್ನೊಂದೆರಡು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು. ಆಮೇಲೆ ಅವಳ ಕಡೆ ತಿರುಗಿ, "ಏನ್ ತಿಂದ್ರಮ್ಮ? ಎಳನೀರು, ಹಣ್ಣು ಏನಾದ್ರೂ?" ಎಂದು ಮೆತ್ತಗೆ ಕೇಳಿದರು.

ಉತ್ತರ ಕೊಡಬೇಕಾದವಳು ಅವಳು. ನಾನು ಕೊಟ್ಟೆ.

"ಮಾವಿನಹಣ್ಣು ಸಾರ್. ಕದ್ದು ತಿಂದಿದಾಳೆ."

ನನ್ನದು ಐವತ್ತು ಮಕ್ಕಳ ಕ್ಲಾಸಿಗೆ ಪಳಗಿದ ಗಂಟಲು. ಆರು ಹಾಸಿಗೆಯ ಕೋಣೆ ಅದಕ್ಕೆ ಯಾವ ಲೆಕ್ಕ? ಎಲ್ಲರೂ ಕತ್ತು ತಿರುಗಿಸಿದರು. ಅವಳು "ಇಲ್ಲ ರೀ, ನಾನ್ ತಿಂದಿಲ್ಲ" ಎಂದಳು. ಅವಳ ದನಿ ಎಷ್ಟು ಸಣ್ಣದಿತ್ತೆಂದರೆ ಅದು ಸುಳ್ಳಿನ ದನಿಯೇ ಎಂದು ನನಗೆ ಖಾತ್ರಿಯಾಯಿತು. ಅವಳಿಗೆ ಜೋರಾಗಿ ಹೇಳಲು ಬಲವಿರಲಿಲ್ಲ ಎಂಬುದು ಹೊಳೆಯಲಿಲ್ಲ. "ಓಟೆ ನೋಡಿದೀನಿ ಕಣೇ, ಸುಳ್ಳು ಹೇಳ್ಬೇಡ. ನಾವೆಲ್ಲ ಬಾಯಿ ಕಟ್ಕೊಂಡು, ಕೆಲ್ಸ ಬಿಟ್ಕೊಂಡು, ಮಗಳ ಮೈಸೂರಿನ ಓದು ಬಿಡಿಸ್ಕೊಂಡು ನಿನ್ನ ನೋಡ್ಕೊಳ್ಳೋದು, ನೀನು ಹಿತ್ತಲಲ್ಲಿ ನಿಂತು ಹಣ್ಣು ಚೀಪೋದು!" ಎಂದೆ. ಮೂಗಿನ ತುದಿಯಲ್ಲೇ ಕೋಪ ಎಂದು ನನ್ನನ್ನು ಎಲ್ಲರೂ ಅನ್ನುತ್ತಾರೆ. ಆದರೆ ಅದು ಕೋಪ ಮಾತ್ರವಲ್ಲ. ಬಡ್ತಿ ಬಿಟ್ಟದ್ದು, ಮಹಡಿ ಬಿಟ್ಟದ್ದು ಎಲ್ಲ ಒಳಗೆ ಕೂತಿತ್ತು. ಒಂದು ನೆಪಕ್ಕೆ ಕಾಯುತ್ತಿತ್ತು.

ಅದೇ ಹೊತ್ತಿಗೆ ಅವಳ ಅಣ್ಣ ಬಾಗಿಲಲ್ಲಿ ನಿಂತಿದ್ದರು. ಮಗಳು ಫೋನು ಮಾಡಿದ್ದಕ್ಕೆ ಗಾಬರಿಯಿಂದ ಓಡಿಬಂದಿದ್ದರು. ನಾನು ಅವರನ್ನೂ ಬಿಡಲಿಲ್ಲ. "ನೋಡಿ ಬಾವ, ನಿಮ್ಮ ಹಣ್ಣು ಏನ್ ಮಾಡ್ತು ಅಂತ. ತಂದು ತಂದು ಮುಂದಿಟ್ಟು ಹೋಗ್ತೀರ." ಅವರು ಹೆಗಲ ಮೇಲಿನ ಟವೆಲು ತೆಗೆದು ಬಾಯಿಗೆ ಅಡ್ಡ ಹಿಡಿದುಕೊಂಡರು. ಸಂಜೆ ನಮ್ಮ ಮನೆಗೆ ಬಂದು ಉಳಿದ ಹಣ್ಣಿನ ಬಾಕ್ಸನ್ನು ತಾವೇ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಹೋದರು.

ಎರಡು ದಿನ ಬಿಟ್ಟು ಮಗಳು ಅಡುಗೆಮನೆಗೆ ಬಂದಳು. "ಅಪ್ಪ, ಆ ಓಟೆಯ ಹಣ್ಣು ನಾನು ತಿಂದಿದ್ದು. ಅಮ್ಮನ ಎದುರ್ಗೆ ತಿನ್ನೋಕೆ ಮನಸ್ಸು ಬರ್ಲಿಲ್ಲ, ಅದಕ್ಕೇ ಹಿಂದೆ ಹೋಗಿದ್ದೆ" ಎಂದಳು. ಅಲ್ಲಿಗೆ ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಅದೊಂದು ನೀನು ತಿಂದಿರ್ಬಹುದು. ರಿಪೋರ್ಟು ಸುಳ್ಳು ಹೇಳುತ್ತಾ? ಅವಳೂ ತಿಂದಿರ್ತಾಳೆ" ಎಂದೆ. ಮಗಳು ಹೊರಗೆ ಹೋದಳು. ನಾನು ಸೊಪ್ಪು ಬಸಿಯುತ್ತಿದ್ದೆ.

ಡಯಾಲಿಸಿಸ್ ಕೋಣೆಯಲ್ಲಿ ಅವಳಿಗೊಂದು ಹೆಸರು ಬಿತ್ತು. ಇಟ್ಟವರು ಟೇಕಲ್ ತಾತ, ಪ್ರೀತಿಯಿಂದಲೇ ಇಟ್ಟದ್ದು. "ಏನ್ ತಾಯಿ, ಮಾವಿನ ಕಳ್ಳಿ, ಇವತ್ತೆಷ್ಟು ಹಣ್ಣು ಬಿತ್ತು ಹೊಟ್ಟೆಗೆ?" ಎಂದು ಪ್ರತಿ ಸಲ ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಮೊದಮೊದಲು ಅವಳು "ತಿಂದಿಲ್ಲ ತಾತ" ಎನ್ನುತ್ತಿದ್ದಳು. ಆಮೇಲಾಮೇಲೆ ಸುಮ್ಮನೆ ನಕ್ಕುಬಿಡುತ್ತಿದ್ದಳು.

ರಜೆ ಮುಗಿದು ಶಾಲೆ ಶುರುವಾಗಿ ಬಸ್ಸಾರು ಮತ್ತೆ ವಾರಕ್ಕೊಮ್ಮೆಗೆ ಇಳಿಯಿತು. ಪೊಟ್ಯಾಸಿಯಮ್ಮೂ ಇಳಿಯಿತು. ನೋಡಿದೆಯಾ, ಹಣ್ಣಿನ ಕಾಲ ಮುಗಿಯಿತು, ಇಳಿಯಿತು ಎಂದು ನಾನು ಮನಸ್ಸಿನಲ್ಲೇ ಗೆದ್ದೆ.

ದಸರಾಕ್ಕೆ ಸ್ವಲ್ಪ ಮುಂಚೆ ಪಥ್ಯದ ವಿಷಯ ಹೇಳಲು ಒಬ್ಬ ಹೆಣ್ಣುಮಗಳು ಬಂದರು. ರೋಗಿಗಳು ಒಳಗಿದ್ದಾಗ ಜೊತೆಗೆ ಬಂದವರನ್ನೆಲ್ಲ ಹೊರಗೆ ಕೂರಿಸಿ ಮಾತಾಡಿದರು. ನಮ್ಮ ಕಡೆಯವರೇ, ಮಾತಿನಲ್ಲೇ ತಿಳಿಯುತ್ತಿತ್ತು. ಸೊಪ್ಪನ್ನು ಹೇಗೆ ಬೇಯಿಸಬೇಕೆಂದು ಹೇಳಿ, ಎಲ್ಲರ ಮುಖ ನೋಡಿ, "ಬಸಿದ ನೀರು ಏನ್ ಮಾಡ್ತೀರ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು: "ನನ್ಗೊತ್ತು ಬಿಡಿ. ಬೇರೆ ಕಡೆಯವರಿಗೆ ಒಂದ್ಸಲ ಹೇಳಿದ್ರೆ ಸಾಕು, ನಮ್ಮೋರಿಗೆ ಮೂರು ಸಲ ಹೇಳ್ಬೇಕು. ಆ ನೀರು ಚೆಲ್ರೀ ಅಂದ್ರೆ ಬಸ್ಸಾರು ಮಾಡಿ ಉಣ್ಣಿಸ್ತೀರ. ಸೊಪ್ಪಲ್ಲಿರೋ ಪೊಟ್ಯಾಸಿಯಂ ಎಲ್ಲ ಆ ನೀರಿಗೇ ಇಳಿದಿರುತ್ತೆ. ಅದನ್ನ ಕುಡಿಸೋದೂ ಒಂದೇ, ಎಳನೀರು ಕುಡಿಸೋದೂ ಒಂದೇ."

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ನನ್ನ ನಗು ನನ್ನ ಕಿವಿಗೇ ಕೇಳಿಸಿತು.

ಎಂಟನೆಯ ತರಗತಿಗೆ ಇಪ್ಪತ್ತು ವರ್ಷದಿಂದ ನಾನು ಅದೇ ಪಾಠ ಮಾಡುತ್ತಿದ್ದೇನೆ. ಲೋಟದ ನೀರಿಗೆ ಉಪ್ಪು ಹಾಕಿ ಕಲಕಿ, ಉಪ್ಪು ಎಲ್ಲಿ ಹೋಯಿತು ಎಂದು ಕೇಳುತ್ತೇನೆ. ನೀರಲ್ಲೇ ಐತೆ ಸಾರ್ ಎಂದು ಇಡೀ ಕ್ಲಾಸು ಕೂಗುತ್ತದೆ. ಆ ಬೆಂಚಿನ ಮೇಲೆ ಕೂತು ಒಂದೊಂದಾಗಿ ನೆನಪು ಮಾಡಿಕೊಂಡೆ. ರಜೆ, ಸೊಪ್ಪಿನವಳು, ದಿನಾ ಬಸ್ಸಾರು, ಅವಳ ಕಾಲಿನ ಬಲ ಹೋಗುವ ಹಿಂದಿನ ದಿನ, ಭಾನುವಾರ, ಬೇಡವೆಂದರೂ ಇನ್ನೊಂದು ಲೋಟ ಬಗ್ಗಿಸಿದ್ದು. ಅವಳನ್ನು ಸಾಯಿಸಲು ಹೊರಟವನು ನಾನು. ಕಳ್ಳಿ ಎನ್ನಿಸಿಕೊಂಡವಳು ಅವಳು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಾನೇ ಮಕ್ಕಳಿಗೆ ಬರೆಸುತ್ತೇನೆ. ನನಗೆ ಎರಡೂ ಬರುತ್ತಿರಲಿಲ್ಲ.

ಅವತ್ತೇ ಹೇಳಬೇಕಿತ್ತು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದಳು. ಹೇಳಲಿಲ್ಲ. ಅವಳು ಸುಸ್ತಾಗಿದ್ದಾಳೆ ಎಂದುಕೊಂಡೆ. ಮರುದಿನ ಹಬ್ಬ ಹತ್ತಿರ ಬಂತು ಎಂದುಕೊಂಡೆ. ಹೇಳಿ ಏನು ಪ್ರಯೋಜನ, ಇನ್ನು ಮುಂದೆ ಮಾಡದಿದ್ದರಾಯಿತು ಎಂದುಕೊಂಡೆ. ಬಸಿದ ನೀರನ್ನು ಹಿತ್ತಲಿಗೆ ಚೆಲ್ಲತೊಡಗಿದೆ, ಅವಳು ನೋಡದ ಹೊತ್ತಿನಲ್ಲಿ. ಎರಡು ವಾರ ನೋಡಿ ಅವಳೇ ಕೇಳಿದಳು: "ಬಸ್ಸಾರು ಯಾಕ್ ಮಾಡ್ತಿಲ್ಲ ರೀ?"

"ರುಬ್ಬೋಕೆ ಬೇಜಾರು ಕಣೇ" ಎಂದೆ.

"ಹೌದು ಬಿಡಿ, ನಿಮ್ಗೂ ಎಷ್ಟು ಅಂತ ಕೆಲ್ಸ" ಎಂದಳು.

ಹೀಗೆ ಒಂದು ಸುಳ್ಳಿನ ಮೇಲೆ ಇನ್ನೊಂದು ಕೂತಿತು. ಅಷ್ಟೂ ತಿಂಗಳು ಟೇಕಲ್ ತಾತ ಮಾವಿನ ಕಳ್ಳಿ ಎನ್ನುತ್ತಲೇ ಇದ್ದರು. ನಾನು ಬಾಗಿಲಲ್ಲಿ ನಿಂತು ಕೇಳುತ್ತಲೇ ಇದ್ದೆ.

ಈ ವರ್ಷ ಚಳಿ ಮುಗಿಯುವ ಹೊತ್ತಿಗೆ ತಾತ ಬಹಳ ಇಳಿದುಹೋದರು. ಒಂದು ಶುಕ್ರವಾರ ಮಿಷನ್ನು ಹಾಕುವ ಮೊದಲು ಅವಳನ್ನು ಹತ್ತಿರ ಕರೆದರು. ಅವತ್ತು ತಮಾಷೆ ಮಾಡಲಿಲ್ಲ. "ತಾಯಿ, ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಮಾವಿನ ಕಾಲ ಬತ್ತಾ ಐತೆ. ಬಾಯಿ ಕಟ್ಟು. ನಾನು ಮುದುಕ, ಹೋದ್ರೆ ಹೋದೆ. ನಿನ್ಗೆ ಮಗಳವಳೆ. ಒಂದ್ ಹಣ್ಣಿನ ಆಸೆಗೆ ಅವಳನ್ನ ತಬ್ಬಲಿ ಮಾಡ್ಬೇಡ ಕಣವ್ವಾ" ಎಂದರು.

ಅವಳು ನನ್ನ ಕಡೆ ನೋಡಲಿಲ್ಲ. ತಾತನ ಕೈಮೇಲೆ ಕೈಯಿಟ್ಟು "ಆಗ್ಲಿ ತಾತ, ತಿನ್ನಲ್ಲ" ಎಂದಳು.

ನಾನು ಎರಡು ಮಾರು ದೂರದಲ್ಲಿ ಅವಳ ಚೀಲ ಹಿಡಿದು ನಿಂತಿದ್ದೆ. ಬಾಯಿ ತೆರೆದಿದ್ದರೆ ಸಾಕಿತ್ತು, ತಾತ, ಅವಳು ತಿಂದಿರಲಿಲ್ಲ ಎಂದು ಮೂರೇ ಪದ. ಐವತ್ತು ಮಕ್ಕಳಿಗೆ ಕೇಳಿಸುವ ಗಂಟಲಿಗೆ ಅವತ್ತು ಏನಾಗಿತ್ತೋ. ಮಾಡದ ತಪ್ಪನ್ನು ಅವಳು ಇನ್ನೊಮ್ಮೆ ಮಾಡುವುದಿಲ್ಲ ಎಂದು ಮಾತು ಕೊಡುವುದನ್ನು ನೋಡುತ್ತ ನಿಂತೆ. ಮುಂದಿನ ವಾರ ತಾತನ ಹಾಸಿಗೆ ಖಾಲಿಯಿತ್ತು. ಅದರ ಮುಂದಿನ ವಾರ, ಅವರು ಹೋಗಿಬಿಟ್ಟರಂತೆ ಎಂದು ಮಿಷನ್ನು ನೋಡಿಕೊಳ್ಳುವ ಟೆಕ್ನಿಷಿಯನ್ ಹೇಳಿದರು.

ಆ ಭಾನುವಾರ ಅವಳು ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೂತು ಮಾಡುವ ಕೆಲಸ ಯಾವುದನ್ನೂ ಅವಳು ಬಿಟ್ಟುಕೊಡುತ್ತಿರಲಿಲ್ಲ. ನಾನು ಎದುರಿಗೆ ಕೂತೆ. ಹೇಳಿದೆ. ಬಸಿದ ನೀರು, ಪಥ್ಯದವರು ಹೇಳಿದ್ದು, ನಾನು ಚೆಲ್ಲತೊಡಗಿದ್ದು, ಎಲ್ಲ. ಅವಳ ಕೈ ನಿಲ್ಲಲಿಲ್ಲ. ಒಂದು ಬೀಜ, ಇನ್ನೊಂದು ಬೀಜ.

"ಯಾವಾಗ ಗೊತ್ತಾಯ್ತು ನಿಮ್ಗೆ?"

"ದಸರಾಕ್ಕೆ ಮುಂಚೆ."

"ಓ. ಅದಕ್ಕೇ ಬಸ್ಸಾರು ನಿಂತೋಯ್ತು" ಎಂದಳು.

ತಪ್ಪಾಯಿತು ಎಂದೆ. ನನಗೆ ಅಳು ಬಂತು, ಅತ್ತುಬಿಟ್ಟೆ. ಅತ್ತರೆ ಅವಳು ಸಮಾಧಾನ ಮಾಡುತ್ತಾಳೆ ಎಂಬ ಆಸೆ ಎಲ್ಲೋ ಮೂಲೆಯಲ್ಲಿ ಇದ್ದಿರಬೇಕು. ಅವಳು ಮಾಡಲಿಲ್ಲ.

"ಬಸ್ಸಾರು ಕೊಟ್ಟಿದ್ದಕ್ಕೆ ನನ್ಗೆ ಬೇಜಾರಿಲ್ಲ ರೀ. ನಾನಿದ್ರೂ ಅದನ್ನೇ ಮಾಡ್ತಿದ್ದೆ. ನಮ್ಗ್ ಯಾರಿಗ್ ಗೊತ್ತಿತ್ತು?" ಎಂದಳು. ಆಮೇಲೆ ಮೊದಲ ಸಲ ಕತ್ತೆತ್ತಿದಳು. "ಆದ್ರೆ ನಾನ್ ತಿಂದಿಲ್ಲ ಅಂತ ನನ್ಗೆ ಮೊದ್ಲಿಂದ ಗೊತ್ತು. ನನ್ಗ್ಯಾಕ್ ಹೇಳ್ತೀರ? ಯಾರ್ ಮುಂದೆ ಅಂದ್ರೋ ಅವರ ಮುಂದೆ ಹೇಳಿ."

ಮರುದಿನ ರಜೆ ಹಾಕಿ ಗೌನಿಪಲ್ಲಿಗೆ ಹೊರಟೆ. ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸುವವರೆಗೂ ಮಾತುಗಳನ್ನು ಜೋಡಿಸುತ್ತಿದ್ದೆ. ಗೊತ್ತಿಲ್ಲದೆ ಆದ ತಪ್ಪು ಎಂದು ಶುರು ಮಾಡಲೋ, ಪಥ್ಯದವರು ಮೊದಲೇ ಸರಿಯಾಗಿ ಹೇಳಲಿಲ್ಲ ಎನ್ನಲೋ ಎಂದು. ರಸ್ತೆಯ ಎರಡೂ ಕಡೆ ಮರಗಳಲ್ಲಿ ಹೂವು ಉದುರಿ ಗೋಲಿಯಷ್ಟು ಕಾಯಿ ಕಚ್ಚಿತ್ತು. ನನ್ನ ಬಾವ ತೋಟದಲ್ಲಿದ್ದರು. ನೋಡಿದವರೇ ಗಾಬರಿಯಾಗಿ "ಚೆಲ್ಲೆಲಿಗೆ ಏನಾಯ್ತು ಬಾವ?" ಎಂದರು. ತಂಗಿ ಎನ್ನಲು ಅವರಿಗೆ ಗಾಬರಿಯಲ್ಲಿ ತೆಲುಗೇ ಬರುವುದು. ಚೆನ್ನಾಗಿದ್ದಾಳೆ ಎಂದೆ. ಜೋಡಿಸಿಕೊಂಡು ಬಂದದ್ದೆಲ್ಲ ಮರೆತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಬಯ್ಯಬಹುದು ಎಂದುಕೊಂಡಿದ್ದೆ. ಬಯ್ದಿದ್ದರೆ ಹಗುರವಾಗುತ್ತಿತ್ತು. ಕೈಯಲ್ಲಿದ್ದ ಪೈಪನ್ನು ನೀರು ಮರದ ಪಾತಿಗೆ ಹರಿಯುವ ಹಾಗೆ ಕೆಳಗಿಟ್ಟರು.

"ಅವ್ಳು ನನ್ಗೆ ಫೋನಲ್ಲಿ ಹೇಳಿದ್ಲು ಬಾವ. ಅವತ್ತೇ ರಾತ್ರಿ. ಅಣ್ಣ, ನಾನು ತಿಂದಿಲ್ಲ, ನಿನ್ನಾಣೆ ಅಂತ. ನಾನು ನಂಬ್ಲಿಲ್ಲ" ಎಂದರು. "ಮೇಷ್ಟ್ರು ಹೇಳಿದ ಮೇಲೆ ಇನ್ನೇನು ಅಂದ್ಕೊಂಡೆ. ಓದಿದೋರು. ಕಣ್ಣಲ್ಲಿ ನೋಡಿದೀನಿ ಅಂದ್ರಲ್ಲ. ಫೋನ್ ಮಾಡ್ದಾಗೆಲ್ಲ ಬಾಯಿ ಕಟ್ಟಮ್ಮ, ಬಾಯಿ ಕಟ್ಟಮ್ಮ ಅಂತ ಅದನ್ನೇ ಅಂದೆ."

ಅಣ್ಣನ ಆಣೆಗಿಂತ ನನ್ನ ಮಾತು ಹೆಚ್ಚು ತೂಗಿತ್ತು. ಮೇಷ್ಟ್ರು ಎಂಬ ಮರ್ಯಾದೆ ಇಪ್ಪತ್ತೈದು ವರ್ಷ ನನಗೆ ಬಸ್ಸಿನಲ್ಲಿ ಸೀಟು ಕೊಡಿಸಿದೆ, ಮದುವೆಯಲ್ಲಿ ಮೊದಲ ಪಂಕ್ತಿ ಕೊಡಿಸಿದೆ. ಅದು ಒಬ್ಬ ಹೆಣ್ಣುಮಗಳ ತವರನ್ನೂ ಕಿತ್ತುಕೊಳ್ಳಬಲ್ಲದು ಎಂದು ನಾನು ಯೋಚಿಸಿರಲಿಲ್ಲ.

ಮೋಟರು ಮನೆಯ ಹತ್ತಿರದ ಬಾದಾಮಿ ಮರ ಅಲ್ಲೇ ಎದುರಿಗಿತ್ತು. ಬುಡಕ್ಕೆ ಉಳಿದ ಮರಗಳ ಹಾಗೆ ಸುಣ್ಣದ ಗುರುತು ಬಿದ್ದಿತ್ತು, ವ್ಯಾಪಾರಿಯ ಗುರುತು. "ಅದನ್ನೂ ಕೊಟ್ಬಿಟ್ಟೆ ಬಾವ" ಎಂದರು. "ಆ ಮರ ನೋಡಿದ್ರೆ ಹೊಟ್ಟೆ ಉರೀತಿತ್ತು. ನಮ್ಮ ಕೈಯಾರ ತಂಗೀನ ಕೊಲ್ತಿದ್ವಲ್ಲ ಅಂತ. ಈ ವರ್ಷ ಮಾತು ಆಗೋಗಿದೆ, ತಪ್ಪೋಕಾಗಲ್ಲ. ಮುಂದಿನ ವರ್ಷ ಬಿಡಿಸ್ಕೊತೀನಿ." ಮುಂದಿನ ವರ್ಷ ಎಂದರು. ನಮ್ಮ ಮನೆಯಲ್ಲಿ ಅಷ್ಟು ದೂರದ ಮಾತು ಆಡುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಹೊರಡುವಾಗ ಊಟಕ್ಕೆ ಏಳಿ ಎಂದರು. ಅವರ ಮನೆಯಾಕೆ ಮಾಡಿದ್ದು ಹುರುಳಿಕಾಳಿನ ಬಸ್ಸಾರು. ಬಡಿಸಿದಷ್ಟನ್ನೂ ಉಂಡೆ.

ಮಂಗಳವಾರ ಕೋಣೆಯೊಳಗೆ ಎಲ್ಲರಿಗೂ ಮಿಷನ್ನು ಹಾಕಿಯಾದ ಮೇಲೆ ನಾನು ಟೆಕ್ನಿಷಿಯನ್ನರನ್ನು ಕೇಳಿಕೊಂಡು ಬಾಗಿಲ ಒಳಗೆ ಬಂದೆ.   "ಒಂದು ಮಾತು ಹೇಳ್ಬೇಕಿತ್ತು" ಎಂದೆ. ನನ್ನ ಗಂಟಲಿನ ಅರ್ಧ ದನಿ ಮಾತ್ರ ಹೊರಬಂತು. ಹೋದ ವರ್ಷ ಇವಳು ಹಣ್ಣು ಕದ್ದು ತಿಂದಳು ಎಂದು ಇಲ್ಲೇ ನಿಂತು ಕೂಗಿದ್ದೆ, ಅದು ಸುಳ್ಳು, ಇವಳು ತಿಂದಿರಲಿಲ್ಲ, ನಾನೇ ಬಸ್ಸಾರು ಕೊಟ್ಟು ಹಾಗೆ ಮಾಡಿದ್ದು ಎಂದು ಹೇಳಿ ಮುಗಿಸಿದೆ. ಒಬ್ಬರು "ಹೋಗ್ಲಿ ಬಿಡಿ ಸಾರ್, ಎಲ್ರ ಮನೇಲೂ ಆಗೋದೇ" ಎಂದರು. ಇನ್ನೊಬ್ಬರು ತಮ್ಮ ಹೆಂಡತಿಯೂ ಬಸ್ಸಾರು ಕೊಟ್ಟಿದ್ದನ್ನು ಹೇಳಿ ನಕ್ಕರು. ಮುಗಿಯಿತು ಎಂದು ಉಸಿರು ಬಿಟ್ಟೆ.

ತಾತನ ಹಾಸಿಗೆಗೆ ಹೊಸಬರು ಬಂದಿದ್ದರು, ಮಾಲೂರಿನ ಕಡೆಯ ಹೆಂಗಸು. ಅವರಿಗೆ ತಲೆಬುಡ ತಿಳಿಯಲಿಲ್ಲ. "ಏನಂತಮ್ಮ, ಯಾರು ಏನ್ ಕದ್ರಂತೆ?" ಎಂದು ನನ್ನ ಹೆಂಡತಿಯನ್ನು ಕೇಳಿದರು.

ನನ್ನ ಹೆಂಡತಿ ಟ್ಯೂಬಿದ್ದ ಕೈಯನ್ನು ಅಲುಗಿಸದೆ ಮುಖ ಮಾತ್ರ ಅವರ ಕಡೆ ತಿರುಗಿಸಿದಳು.

"ಈ ಬೆಡ್ಡಲ್ಲಿ ಒಬ್ರು ತಾತ ಇದ್ರು. ಅವರಿಗೆ ಹೇಳ್ಬೇಕಾಗಿತ್ತು ಇದು. ನಿಜ ಗೊತ್ತಿಲ್ದೇನೇ ಹೋಗ್ಬಿಟ್ರು" ಎಂದಳು. ಆಮೇಲೆ ನನ್ನ ಕಡೆ ನೋಡಿದಳು. "ಇವರಿಗಾದ್ರೂ ಹೇಳಿ."

ನಾನು ಆ ಹಾಸಿಗೆಯ ಪಕ್ಕ ಹೋಗಿ ನಿಂತು ಮೊದಲಿನಿಂದ ಹೇಳಿದೆ.